ಗೂಗಲ್ ಫ್ಯಾಮಿಲಿ ಲಿಂಕ್: ಆರು ತಿಂಗಳು ಬಳಸಿದ ಮೇಲೆ

ತಿಪಟೂರಿನಲ್ಲಿ ನನ್ನದೊಂದು ಟೈಲರಿಂಗ್ ಅಂಗಡಿ ಇದೆ. ಮಗಳಿಗೆ 11 ವರ್ಷ, ಆರನೇ ಕ್ಲಾಸು. ಶಾಲೆ ಬಿಟ್ಟ ಮೇಲೆ ಮನೆಯಲ್ಲಿ ಅವಳು, ಅಜ್ಜಿ ಇಬ್ಬರೇ. ನಾನು ಅಂಗಡಿ ಮುಚ್ಚಿ ಬರುವಷ್ಟರಲ್ಲಿ ರಾತ್ರಿ ಎಂಟಾಗುತ್ತದೆ. ಬೇಕಾದಾಗ ಫೋನ್ ಮಾಡಲಿ ಅಂತ ಯಜಮಾನರ ಹಳೇ ಆಂಡ್ರಾಯ್ಡ್ ಫೋನನ್ನು ಅವಳಿಗೆ ಕೊಟ್ಟಿದ್ದೆವು.

ಬೇಸಿಗೆ ರಜೆಯಲ್ಲಿ ಒಂದು ರಾತ್ರಿ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. "ಯಾರೋ ಆಟದೊಳಗೆ ಬಂದು ಯಾವ ಸ್ಕೂಲು ಅಂತ ಕೇಳಿದನಂತೆ. ಫೋಟೋ ಕಳಿಸು ಅಂದನಂತೆ. ನಿನಗೆ ಹೇಳಿದ್ರೆ ಫೋನ್ ಕಿತ್ಕೋತೀಯ ಅಂತ ಹೆದರ್ಕೊಂಡಿದೆ ಕಣಮ್ಮ ಮಗು" ಅಂದರು.

ಆಟದೊಳಗೆ ಚಾಟ್ ಇರುತ್ತದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಪುಣ್ಯಕ್ಕೆ ಅವಳು ಫೋಟೋ ಕಳಿಸಿರಲಿಲ್ಲ. ಯಜಮಾನರು ಸಿಟ್ಟಿನಲ್ಲಿ ಆಟವನ್ನೇ ಅಳಿಸಿಬಿಟ್ಟರು. ಅದರ ಜೊತೆ ಆ ಮೆಸೇಜುಗಳೂ ಕೈತಪ್ಪಿದವು. ಮೊದಲು ಸ್ಕ್ರೀನ್‌ಶಾಟ್ ತೆಗೆದಿಡಬೇಕಿತ್ತು, ಆಮೇಲೆ ಅವನನ್ನು ರಿಪೋರ್ಟ್ ಮಾಡಿ ಬ್ಲಾಕ್ ಮಾಡಬೇಕಿತ್ತು. ಮಕ್ಕಳ ಸಹಾಯವಾಣಿ 1098ಕ್ಕೆ ಎಷ್ಟು ಹೊತ್ತಿನಲ್ಲಾದರೂ ದುಡ್ಡಿಲ್ಲದೆ ಕರೆ ಮಾಡಬಹುದು. ಅದೂ ಆಗ ಹೊಳೆಯಲಿಲ್ಲ. ಇದೆಲ್ಲಕ್ಕಿಂತ ಜಾಸ್ತಿ ನೋವಾಗಿದ್ದು, ಮಗಳು ನನ್ನ ಹತ್ತಿರ ಹೇಳೋಕೆ ಹೆದರಿದ್ದಳಲ್ಲ, ಅದಕ್ಕೆ.

ಅದಾದ ವಾರಕ್ಕೆ ಫ್ಯಾಮಿಲಿ ಲಿಂಕ್ ಹಾಕಿದೆವು. ಮಗುವಿನ ಫೋನಿನ ಮೇಲೆ ತಾಯಿ ತಂದೆ ತಮ್ಮ ಫೋನಿನಿಂದಲೇ ನಿಗಾ ಇಡುವ ಆ್ಯಪ್ ಇದು. ಗೂಗಲ್‌ನದು, 2017ರಿಂದ ಇದೆ, ಪೂರ್ತಿ ಉಚಿತ. ತಾಯಿ ತಂದೆಯ ಫೋನ್ ಆಂಡ್ರಾಯ್ಡ್ ಆದರೂ ಸರಿ, ಐಫೋನ್ ಆದರೂ ಸರಿ. ಮಗುವಿನದು ಮಾತ್ರ ಆಂಡ್ರಾಯ್ಡ್ ಇರಬೇಕು. ಹಾಕುವಾಗ ಒಂದು ಕೆಲಸ ಮರೆಯಬೇಡಿ: ಮಗುವಿನ ಹೆಸರಲ್ಲಿ ನಿಜವಾದ ಹುಟ್ಟಿದ ತಾರೀಕು ಕೊಟ್ಟು ಗೂಗಲ್ ಖಾತೆ ತೆರೆಯಿರಿ. ಮೊದಲ ಸಲ ನಾವು ಬೇಗ ಆಗಲಿ ಅಂತ ಸುಳ್ಳು ವರ್ಷ ಹಾಕಿ, ಅವಳನ್ನು ದೊಡ್ಡವಳನ್ನಾಗಿ ಮಾಡಿದ್ದೆವು. ಹಾಗೆ ಮಾಡಿದರೆ 13ರೊಳಗಿನ ಮಕ್ಕಳಿಗೆ ಸಿಗುವ ಕಾವಲು ಯಾವುದೂ ತಾನಾಗಿ ಸಿಗುವುದಿಲ್ಲ. ಈ ಸಲ ಫೋನನ್ನು ಪೂರ್ತಿ ರೀಸೆಟ್ ಮಾಡಿ, ಹೊಸ ಖಾತೆ ಮಾಡಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಎಲ್ಲ ಹಾಕಿದೆ. ಏನೇನು ನನಗೆ ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ಅವಳೇ ಓದಿದಳು.

ರಾತ್ರಿ ಒಂಬತ್ತಕ್ಕೆ ಫೋನ್ ಲಾಕ್ ಆಗುತ್ತದೆ. ಲಾಕ್ ಆದಮೇಲೂ ಬಂದ ಕರೆ ತೆಗೆದುಕೊಳ್ಳಬಹುದು. ದಿನಕ್ಕೆ ಇಷ್ಟು ಹೊತ್ತು ಅಂತಲೂ ಇಡಬಹುದು. ಯೂಟ್ಯೂಬಿನಲ್ಲಿ 9 ವರ್ಷ ದಾಟಿದವರಿಗೆ ಅಂತ ಇರುವ ಹಂತ ಆರಿಸಿದ್ದೇನೆ. ಇವೆಲ್ಲ ಹೇಳಿದ ಹಾಗೆ ಕೆಲಸ ಮಾಡುತ್ತವೆ.

ನನಗೆ ತುಂಬಾ ಉಪಯೋಗವಾಗಿದ್ದು ಇನ್ನೊಂದು. ಅವಳು ಪ್ಲೇ ಸ್ಟೋರಿನಲ್ಲಿ ಯಾವ ಆ್ಯಪ್ ಇಳಿಸಿಕೊಳ್ಳಲು ಹೋದರೂ ನನ್ನ ಫೋನಿಗೆ ರಿಕ್ವೆಸ್ಟ್ ಬರುತ್ತದೆ. ನಾನು ಒಪ್ಪಿದರೆ ಮಾತ್ರ ಇಳಿಯುತ್ತದೆ. ಶುರುವಿನಲ್ಲಿ ಬ್ಲೌಸ್ ಕಟಿಂಗ್ ಮಾಡುತ್ತಿರುವಾಗ ರಿಕ್ವೆಸ್ಟ್ ಬಂದರೆ ಕತ್ತರಿ ಕೆಳಗಿಟ್ಟು 'ಬೇಡ' ಒತ್ತಿಬಿಡುತ್ತಿದ್ದೆ. ಅವಳು ಮುಖ ಊದಿಸಿಕೊಂಡು ಕೂರುತ್ತಿದ್ದಳು. ಆಮೇಲೆ ಒಂದು ರೂಢಿ ಮಾಡಿಕೊಂಡೆವು. ಅಂಗಡಿಯಲ್ಲಿದ್ದಾಗ ನಾನು ಏನನ್ನೂ ಒತ್ತುವುದಿಲ್ಲ. ರಾತ್ರಿ ಊಟ ಆದಮೇಲೆ ಇಬ್ಬರೂ ಕೂತು ನೋಡುತ್ತೇವೆ.

ಪ್ಲೇ ಸ್ಟೋರಿನಲ್ಲಿ ಆ್ಯಪ್ ಬಗ್ಗೆ ಬರೆದಿರುತ್ತಾರಲ್ಲ, ಅದರಲ್ಲಿ ವಯಸ್ಸಿನ ರೇಟಿಂಗ್ ಜೊತೆ 'ಯೂಸರ್ಸ್ ಇಂಟರಾಕ್ಟ್' ಅಂತ ಇದೆಯಾ ಹುಡುಕಿ. ಇದ್ದರೆ ಅದರೊಳಗೆ ಬೇರೆಯವರು ಮಕ್ಕಳ ಜೊತೆ ಮಾತಾಡಬಹುದು ಅಂತ ಅರ್ಥ. ರೇಟಿಂಗ್ ನೋಡಿ ಸುಮ್ನೆ ಒಪ್ಪಿಕೊಂಡುಬಿಟ್ಟರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಈಗ ನನಗಿಂತ ಮೊದಲು ಅವಳೇ ಹುಡುಕುತ್ತಾಳೆ. ಹೋದ ತಿಂಗಳು ಚಿತ್ರ ಬಿಡಿಸುವ ಒಂದು ಆ್ಯಪ್ ನೋಡುತ್ತಾ "ಅಮ್ಮ, ಇದ್ರಲ್ಲಿ ಮಾತಾಡೋದಿದೆ, ಬೇರೇದು ನೋಡೋಣ" ಅಂದಳು. ಹಾಗೆ ಕೂತಿದ್ದಾಗಲೇ ಒಂದು ದಿನ ಆ ಬೇಸಿಗೆಯ ವಿಷಯವನ್ನೂ ಪೂರ್ತಿ ಹೇಳಿದಳು. ಅವನು ತನಗೆ 12 ವರ್ಷ ಅಂದಿದ್ದನಂತೆ.

ಇದರಿಂದ ಆಗದ್ದನ್ನೂ ಹೇಳಬೇಕು. ಚಾಟ್‌ನಲ್ಲಿ ಯಾರು ಏನು ಬರೆದರು ಅಂತ ಫ್ಯಾಮಿಲಿ ಲಿಂಕ್ ತೋರಿಸುವುದಿಲ್ಲ. ಮೆಸೇಜ್ ಓದುವುದಿಲ್ಲ, ಕರೆ ಕೇಳಿಸಿಕೊಳ್ಳುವುದಿಲ್ಲ. ಆಟದ ಚಾಟನ್ನು ಆಯಾ ಆಟದ ಸೆಟ್ಟಿಂಗಿಗೆ ಹೋಗಿ ನಾವೇ ಆಫ್ ಮಾಡಬೇಕು. ಅವಳ ಫೋನಿನಲ್ಲಿ ವಾಟ್ಸಾಪ್ ಇಲ್ಲ, ಕ್ಲಾಸಿನ ಗ್ರೂಪ್ ನನ್ನ ಫೋನಿನಲ್ಲೇ ಇದೆ. ಆ್ಯಪ್ ಕೊಳ್ಳುವುದಕ್ಕೆ ಒಪ್ಪಿಗೆ ಕೇಳುವ ಸೌಲಭ್ಯವೂ ಗೂಗಲ್ ಪ್ಲೇ ಮೂಲಕ ಹೋಗುವ ದುಡ್ಡಿಗೆ ಮಾತ್ರ. ಅದಕ್ಕೇ ಯುಪಿಐ ಅವಳ ಫೋನಿನಲ್ಲಿ ಇಟ್ಟಿಲ್ಲ.

ಫೋನ್ ಬಿಡಲಾಗದೆ ಊಟ, ನಿದ್ದೆ ಎಲ್ಲ ಕೆಟ್ಟಿರುವ ಮಕ್ಕಳಿಗೆ ಟೈಮ್ ಲಿಮಿಟ್ ಒಂದೇ ಸಾಲದು. ಅದಕ್ಕೆ ಅಂತಲೇ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಕ್ಲಿನಿಕ್ ಇದೆ. ಸಂಕೋಚ ಪಡದೆ ಕರೆದುಕೊಂಡು ಹೋಗಿ.

ಮಗುವಿಗೆ ಬೇರೆ ಫೋನ್ ಇರುವ ಮನೆಗೆ ಇದನ್ನು ಖಂಡಿತ ಹಾಕಿ ಅನ್ನುತ್ತೇನೆ. ಅಂಗಡಿಗೆ ಬರುವ ಮೂವರು ಅಮ್ಮಂದಿರಿಗೆ ನಾನೇ ಕೂತು ಹಾಕಿಕೊಟ್ಟಿದ್ದೇನೆ. ನಾಲ್ಕನೆಯವರಿಗೆ ಆಗಲಿಲ್ಲ. ಮನೆಗೆಲ್ಲ ಇರುವುದು ಅವರದೊಂದೇ ಫೋನು, ಇಬ್ಬರು ಮಕ್ಕಳೂ ಅದನ್ನೇ ಹಿಡಿಯುತ್ತಾರೆ. ನಮ್ಮ ಕಡೆ ಎಷ್ಟೋ ಮನೆಯಲ್ಲಿ ಹೀಗೇ ಅಲ್ವಾ? ಅಮ್ಮನ ಖಾತೆ ಇರುವ ಫೋನಿಗೆ ಫ್ಯಾಮಿಲಿ ಲಿಂಕ್ ಹೊಂದುವುದಿಲ್ಲ. ಅವರಿಗೆ ಸೆಟ್ಟಿಂಗಿನಲ್ಲಿರುವ 'ಆ್ಯಪ್ ಪಿನ್ನಿಂಗ್' ಆನ್ ಮಾಡಿ, ಹೊರಬರಲು ಪಿನ್ ಕೇಳುವ ಹಾಗೆ ಇಟ್ಟುಕೊಟ್ಟೆ. ಮಗುವಿಗೆ ಕೊಡುವ ಮೊದಲು ಒಂದು ಆ್ಯಪನ್ನು ಪಿನ್ ಮಾಡಿದರೆ ಅದರಿಂದಾಚೆ ಹೋಗೋಕೆ ಆ ಪಿನ್ ಬೇಕು. ಸದ್ಯಕ್ಕೆ ಅವರು ಅದರಲ್ಲೇ ನಡೆಸುತ್ತಿದ್ದಾರೆ.