ರಕ್ತ ಸೋಸಿ ಮನೋರೋಗ ಗುಣಪಡಿಸುತ್ತೇವೆ ಎಂದವರಿಗೆ ಹಣ ಕಟ್ಟಬೇಡಿ

ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಬಂದು ಒಂಬತ್ತು ವರ್ಷವಾಯಿತು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮದು ರೇಷ್ಮೆ ಬೇಸಾಯ. ಮಾತ್ರೆ ನುಂಗಿಕೊಂಡು, ಹುಳುವಿಗೆ ಸೊಪ್ಪು ಹಾಕಿಕೊಂಡು ಇದ್ದ. ಕಿವಿಯಲ್ಲಿ ಕೇಳುವ ದನಿಗಳು ಪೂರ್ತಿ ನಿಂತಿರಲಿಲ್ಲ. ಆದರೂ ರಾತ್ರಿ ನಮ್ಮ ಜೊತೆ ಕುಳಿತು ಉಣ್ಣುತ್ತಿದ್ದ.

ಕಳೆದ ವರ್ಷ ಒಂದು ಖಾಸಗಿ ಕ್ಲಿನಿಕ್‌ನವರು, "ರಕ್ತದಲ್ಲಿ ವಿಷ ಸೇರಿದೆ, ಡಯಾಲಿಸಿಸ್ ಯಂತ್ರದಲ್ಲಿ ಸೋಸಿದರೆ ದನಿ ನಿಲ್ಲುತ್ತದೆ, ಇದು ಹೊಸ ಪ್ರಯೋಗ" ಎಂದರು. ಅಪ್ಪ ಗೂಡು ಮಾರಿ ಬಂದ ಅರವತ್ತು ಸಾವಿರ ರೂಪಾಯಿ ಕಟ್ಟಿದರು. ಮಾತ್ರೆ ನಿಲ್ಲಿಸಿ ಎಂದೂ ಕ್ಲಿನಿಕ್‌ನವರು ಹೇಳಿದರು. ಆ ಮಾತಿಗೇ ನಾನು ತಮ್ಮನನ್ನು ಎಬ್ಬಿಸಿಕೊಂಡು ಬರಬೇಕಿತ್ತು.

ಕತ್ತಿನ ರಕ್ತನಾಳಕ್ಕೆ ನಳಿಕೆ ಹಾಕಿ, ಕಿವಿಯ ಹಿಂದಕ್ಕೆ ಪ್ಲಾಸ್ಟರ್ ಅಂಟಿಸಿದ್ದರು. ಮೂರನೆಯ ಸಲ ರಕ್ತದೊತ್ತಡ ಇಳಿದು ಬೆವರಿದ. ಮೀನಖಂಡ ಸೆಳೆದುಕೊಂಡು ನನ್ನ ಬೆರಳು ಹಿಡಿದ. "ಅಕ್ಕಾ, ಯಂತ್ರವೂ ನನ್ನ ಹೆಸರು ಕರೆಯುತ್ತಿದೆ" ಎಂದ. ಮಾತ್ರೆ ಬಿಟ್ಟು ಮೂರು ವಾರವಾಗಿತ್ತು. ಆ ರಾತ್ರಿಯೇ ನಳಿಕೆಯನ್ನು ಕಿತ್ತುಕೊಂಡ. ದಿಂಬು, ಹಾಸಿಗೆ, ನನ್ನ ಸೀರೆ ಎಲ್ಲವೂ ರಕ್ತ. ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದು, ಆರು ವಾರ ಅಲ್ಲಿಯೇ ಇದ್ದೆವು.

ಇದು ಹೊಸದೂ ಅಲ್ಲ ಎಂದು ನನಗೆ ಆಮೇಲೆ ಗೊತ್ತಾಯಿತು. 1977ರಲ್ಲಿ ಅಮೆರಿಕದ ವ್ಯಾಗೆಮೇಕರ್ ಮತ್ತು ಕೇಡ್ ಎಂಬ ವೈದ್ಯರು ಡಯಾಲಿಸಿಸ್‌ನಿಂದ ರೋಗಿಗಳು ಸುಧಾರಿಸಿದರು ಎಂದು ಬರೆದಿದ್ದರು. ಯಾರಿಗೆ ನಿಜವಾದ ಡಯಾಲಿಸಿಸ್, ಯಾರಿಗೆ ತೋರಿಕೆಯದು ಎಂಬುದನ್ನು ರೋಗಿಗೂ ಗಮನಿಸುವವರಿಗೂ ತಿಳಿಸದೆ ಪರೀಕ್ಷಿಸಿದಾಗ ಆ ಲಾಭ ಕಾಣಲೇ ಇಲ್ಲ. 1981ರ ಅಂಥ ಪರೀಕ್ಷೆಯೊಂದರಲ್ಲಿ ಎಂಟು ಜನರಲ್ಲಿ ಒಬ್ಬರೂ ಸುಧಾರಿಸಲಿಲ್ಲ, ನಾಲ್ವರ ಸ್ಥಿತಿ ಕೆಟ್ಟಿತು. ನಲವತ್ತು ವರ್ಷದ ಹಿಂದೆ ಬಿದ್ದುಹೋದ ಮಾತನ್ನು ನಮಗೆ ಮಾರಿದರು!

ಪ್ರಯೋಗ ಎಂದು ಯಾರಾದರೂ ಹೇಳಿದರೆ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ, ಇಂಥ ಪ್ರಯೋಗಗಳನ್ನು ನೋಂದಾಯಿಸುವ ಕ್ಲಿನಿಕಲ್ ಟ್ರಯಲ್ ರಿಜಿಸ್ಟ್ರಿಯ ಸಂಖ್ಯೆ ಕೇಳಿ. ನಮಗೆ ಕೊಟ್ಟದ್ದು ರಸೀದಿ ಒಂದೇ. ಅದರಲ್ಲಿಯೂ 'ಸೇವಾ ಶುಲ್ಕ' ಎಂದಷ್ಟೇ ಇದೆ. ಅದರ ನಕಲನ್ನು ಜಿಲ್ಲಾಧಿಕಾರಿ ಕಚೇರಿಗೆ ದೂರಿನ ಜೊತೆ ಕೊಟ್ಟಿದ್ದೇನೆ. ನಿಮ್ಮ ಮನೆಯಲ್ಲಿಯೂ ಅಂಥ ರಸೀದಿ ಇದ್ದರೆ ಹರಿದು ಬಿಸಾಡಬೇಡಿ. ಮಾತ್ರೆಯ ಬಗ್ಗೆ ಅನುಮಾನವಿದ್ದರೆ, ನಿಲ್ಲಿಸುವ ಮುಂಚೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡುತ್ತಾರೆ.