12 ಇಂಚಿನ ಮರದ ಕೀಲುಗೊಂಬೆ: ಫಿಗರ್ ಡ್ರಾಯಿಂಗ್ ಕಲಿಯುವವರಿಗೆ ಎಷ್ಟು ಉಪಯೋಗ? ವರ್ಷಗಟ್ಟಲೆ ಬಳಸಿದ ಮೇಲಿನ ವಿಮರ್ಶೆ

ಮನುಷ್ಯಾಕೃತಿ ಬಿಡಿಸಲು ಹೋಗಿ ಕೈಸೋತವರು ಬೇಗ ಕೊಳ್ಳುವ ವಸ್ತು ಈ ಮರದ ಗೊಂಬೆ. ಅಂಗಡಿಯಲ್ಲಿ ಅದು ಒಂದು ಕೈ ಎತ್ತಿ, ಒಂದು ಕಾಲು ಮುಂದಿಟ್ಟು ನಿಂತಿರುತ್ತದೆ. ಇದನ್ನು ಬೇಕಾದ ಭಂಗಿಗೆ ಬಗ್ಗಿಸಿ, ನೋಡಿ ಬಿಡಿಸಿದರೆ ಕಲಿಕೆ ಸಲೀಸಾಗುತ್ತದೆ ಅನ್ನಿಸುವುದು ಸಹಜ. ಆಮೇಲೆ ಬಿಡಿಸಿದ ಚಿತ್ರಗಳೆಲ್ಲ ಮರದಂತೆಯೇ ಸೆಟೆದುಕೊಂಡಿರುತ್ತವೆ, ಕಲಿಯುವವರು ತಮ್ಮ ಕೈಯನ್ನೇ ದೂರುತ್ತಾರೆ. ಕೈ ತಪ್ಪು ಮಾಡಿರುವುದಿಲ್ಲ. ಗೊಂಬೆ ಹೇಗಿದೆಯೋ ಹಾಗೇ ಬಿಡಿಸಿರುತ್ತದೆ.

ಗೊಂಬೆಯನ್ನು ಭಂಗಿ ಕಲಿಯಲು ಬಳಸಬೇಡಿ. ಗಾತ್ರ, ಬೆಳಕು, ಕಣ್ಣಿನ ಮಟ್ಟ ಈ ಮೂರನ್ನು ಕಲಿಯಲು ಬಳಸಿ. ಆ ಕೆಲಸಕ್ಕೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ನನ್ನ ಶಿಫಾರಸು ಇಷ್ಟೇ, ಉಳಿದದ್ದು ಅದರ ಕಾರಣ ಮತ್ತು ವಿಧಾನ.

ಗೊಂಬೆಯ ಮೈಕಟ್ಟು

ಮೊಟ್ಟೆಯಾಕಾರದ ತಲೆ, ಕತ್ತು, ಎದೆಯ ದಿಮ್ಮಿ, ಹೊಟ್ಟೆಯ ಜಾಗದಲ್ಲಿ ಒಂದು ಸಣ್ಣ ತುಂಡು, ಸೊಂಟದ ದಿಮ್ಮಿ, ತಲಾ ಎರಡು ತುಂಡಿನ ಕೈಕಾಲು, ಬೆರಳು ಬಿಡಿಸದ ಹಸ್ತ, ಪಾದ. ಮುಂಡದೊಳಗೆ ಸ್ಪ್ರಿಂಗ್ ಇದ್ದು ಅದರ ಬಿಗಿತವೇ ಎಲ್ಲವನ್ನೂ ಹಿಡಿದಿಟ್ಟಿರುತ್ತದೆ. ಸೊಂಟಕ್ಕೆ ಸಿಕ್ಕಿಸಿದ ಲೋಹದ ಸರಳು ಪೀಠಕ್ಕೆ ಇಳಿಯುತ್ತದೆ.

ಮೊದಲ ತೊಂದರೆ ಈ ಸರಳೇ. ನಿಂತ ಮನುಷ್ಯ ಒಂದು ಕಾಲಿನ ಮೇಲೆ ಭಾರ ಹಾಕಿದಾಗ ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಹೆಗಲು ಸಾಮಾನ್ಯವಾಗಿ ಕೆಳಗಿಳಿಯುತ್ತದೆ, ತಲೆ ಮತ್ತೆ ಬೇರೆ ಕಡೆಗೆ ವಾಲುತ್ತದೆ. ನಮ್ಮ ಶಿಲ್ಪಿಗಳು ತ್ರಿಭಂಗ ಎನ್ನುವುದು ಇದರ ಪರಿಷ್ಕೃತ ರೂಪವನ್ನೇ. ಬೇಲೂರಿನ ಮದನಿಕೆಯರ ಮುಂದೆ ಐದು ನಿಮಿಷ ನಿಂತರೂ ಈ ಏರಿಳಿತ ಕಣ್ಣಿಗೆ ಕಟ್ಟುತ್ತದೆ. ಗೊಂಬೆಯ ಸೊಂಟ ಸರಳಿಗೆ ಸಿಕ್ಕಿಕೊಂಡು ಮಟ್ಟಸವಾಗಿ ನಿಂತಿರುವುದರಿಂದ ಈ ಭಂಗಿ ಅದರಲ್ಲಿ ಬರುವುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಬಿದ್ದೇ ಹೋಗಬೇಕಾದ ಭಂಗಿಯಲ್ಲೂ ಸರಳು ಅದನ್ನು ಎತ್ತಿ ಹಿಡಿಯುತ್ತದೆ. ಒಂಟಿ ಕಾಲಿನ ಮೇಲೆ ನಿಂತ ಮನುಷ್ಯನ ಕತ್ತಿನ ಕುಳಿಯಿಂದ ತೂಗುದಾರ ಬಿಟ್ಟರೆ ಅದು ಭಾರ ಹೊತ್ತ ಪಾದದ ಹತ್ತಿರ ಇಳಿಯಬೇಕು. ಗೊಂಬೆಯಲ್ಲಿ ಅದು ಎಲ್ಲಿ ಬೇಕಾದರೂ ಇಳಿದೀತು. ಹಾಗಾಗಿ ಭಾರ ಎಲ್ಲಿದೆ ಎಂಬ ಪ್ರಶ್ನೆ ಕಲಿಯುವವರ ತಲೆಗೆ ಬರುವುದೇ ಇಲ್ಲ.

ಎರಡನೆಯದು ಹೆಗಲು. ಕೈಯನ್ನು ಪಕ್ಕದಿಂದ ನೆತ್ತಿಯವರೆಗೆ 180 ಡಿಗ್ರಿ ಎತ್ತುವಾಗ ಸುಮಾರು 120 ಡಿಗ್ರಿ ಮಾತ್ರ ತೋಳಿನ ಕೀಲಿನಿಂದ ಬರುತ್ತದೆ. ಉಳಿದ 60 ಡಿಗ್ರಿ ಬೆನ್ನ ಮೇಲಿನ ಹೆಗಲ ಮೂಳೆ ತಿರುಗುವುದರಿಂದ. ಅದಕ್ಕೇ ಕೈ ಎತ್ತಿದವರ ಹೆಗಲು ಕಿವಿಯ ಕಡೆಗೆ ಏರಿರುತ್ತದೆ, ಕಾಲರ್ ಬೋನ್ ಓರೆಯಾಗಿರುತ್ತದೆ. ಗೊಂಬೆಗೆ ಹೆಗಲ ಮೂಳೆಯೂ ಇಲ್ಲ, ಕಾಲರ್ ಬೋನೂ ಇಲ್ಲ. ಅದರ ತೋಳು ಗೋಡೆಗೆ ಹೊಡೆದ ಮೊಳೆಯ ಸುತ್ತ ತಿರುಗುವ ಕಡ್ಡಿಯಂತೆ ತಿರುಗುತ್ತದೆ. ಇದನ್ನು ನೋಡಿ ಕೈ ಎತ್ತಿದ ಭಂಗಿ ಕಲಿತವರ ಚಿತ್ರಗಳಲ್ಲಿ ತೋಳು ಎಲ್ಲಿಂದಲೋ ತಂದು ಅಂಟಿಸಿದಂತೆ ಕಾಣುವುದು ಈ ಕಾರಣಕ್ಕೆ.

ಮೂರನೆಯದು ಕೈಕಾಲಿನ ಆಕಾರ. ಲೇತಿನಲ್ಲಿ ಕಡೆದ ತುಂಡಾದ್ದರಿಂದ ಎರಡೂ ಬದಿಯ ಉಬ್ಬು ಒಂದೇ ಎತ್ತರದಲ್ಲಿರುತ್ತದೆ. ನಿಜವಾದ ಮೀನಖಂಡದಲ್ಲಿ ಹೊರಬದಿಯ ಉಬ್ಬು ಮೇಲೆ, ಒಳಬದಿಯದು ಕೆಳಗೆ. ಕಾಲ ಹರಡಿನಲ್ಲಿ ಇದು ತಿರುವುಮುರುವು: ಒಳಬದಿಯ ಗಣ್ಣು ಮೇಲೆ, ಹೊರಬದಿಯದು ಕೆಳಗೆ. ಕಾಲಿಗೆ ಜೀವ ಬರುವುದು ಈ ಓರೆಯಿಂದ. ಮುಂಗೈ ತಿರುಚುವುದೂ ಗೊಂಬೆಗೆ ಸಾಧ್ಯವಿಲ್ಲ. ಮೊಣಕಾಲು ಪೂರ್ತಿ ಮಡಚುವುದಿಲ್ಲವಾದ್ದರಿಂದ ಕುಕ್ಕರುಗಾಲು, ಚಕ್ಕಳಮಕ್ಕಳ ಎರಡೂ ಬರುವುದಿಲ್ಲ.

ಕೊಂಡ ದಿನ ಮಾಡಬೇಕಾದ ಸಿದ್ಧತೆ

ವಾರ್ನಿಷ್ ಹೊಳಪು ಬೆಳಕಿನ ಅಭ್ಯಾಸವನ್ನು ಕೆಡಿಸುತ್ತದೆ. ಎಲ್ಲೆಂದರಲ್ಲಿ ಸಣ್ಣ ಬಿಳಿ ಮಿನುಗು ಬಂದು, ನೆರಳಿನ ಗಡಿ ಎಲ್ಲಿ ಎಂದು ಗೊತ್ತಾಗುವುದಿಲ್ಲ. 320 ನಂಬರಿನ ಉಪ್ಪುಕಾಗದದಿಂದ ಮೆಲ್ಲಗೆ ಉಜ್ಜಿ ಹೊಳಪು ತೆಗೆಯಿರಿ. ಕೀಲಿನ ಗುಂಡುಗಳನ್ನು ಮುಟ್ಟಬೇಡಿ, ಅಲ್ಲಿ ಮರ ಸವೆದರೆ ಹಿಡಿತ ಹೋಗುತ್ತದೆ.

ನಂತರ 0.5 ಮಿ.ಮೀ. ಮೊನೆಯ ಪೆನ್ನಿನಿಂದ ಗುರುತು ಹಾಕಿ. ಎದೆ ಮತ್ತು ಸೊಂಟದ ದಿಮ್ಮಿಗಳ ಮುಂದೆ ಹಿಂದೆ ನಡುಗೆರೆ. ತಲೆಯ ಮೇಲೆ ನಡುಗೆರೆ, ಜತೆಗೆ ಎತ್ತರದ ಸರಿ ಅರ್ಧದಲ್ಲಿ ಕಣ್ಣಿನ ಗೆರೆ. ಪ್ರತಿ ತೋಳು, ತೊಡೆ, ಕಾಲಿನ ತುಂಡಿನ ಸುತ್ತ ಮೂರು ಮೂರು ಬಳೆಗೆರೆ. ಅರ್ಧ ಗಂಟೆಯ ಕೆಲಸ. ಇದನ್ನು ಮಾಡದ ಗೊಂಬೆ ಅಲಂಕಾರದ ವಸ್ತು, ಮಾಡಿದ್ದು ಕಲಿಕೆಯ ಸಾಧನ ಎಂದು ಖಂಡಿತವಾಗಿ ಹೇಳಬಲ್ಲೆ.

ಬಳೆಗೆರೆ ಏಕೆ ಅಷ್ಟು ಮುಖ್ಯ? ಗೊಂಬೆಯ ಎದೆ ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವಂತೆ ಇಟ್ಟು ನೋಡಿ. ನೆಟ್ಟಗಿರುವ ಭಾಗಗಳಲ್ಲಿ ಕಣ್ಣಿನ ಮಟ್ಟಕ್ಕಿಂತ ಮೇಲಿನ ಬಳೆಗಳು ಮೇಲಕ್ಕೆ ಬಾಗಿರುತ್ತವೆ, ಕೆಳಗಿನವು ಕೆಳಕ್ಕೆ, ಮಟ್ಟಕ್ಕೆ ಸರಿಯಾಗಿರುವುದು ನೇರ ಗೆರೆ. ಈಗ ಒಂದು ಮುಂಗೈಯನ್ನು ನಿಮ್ಮತ್ತ ಚಾಚಿಸಿ. ಬಳೆಗಳು ದುಂಡಾಗಿ ತೆರೆದುಕೊಂಡು, ಒಂದರ ಮೇಲೊಂದು ಬಂದು, ತುಂಡಿನ ಉದ್ದ ಮೂರನೇ ಒಂದು ಭಾಗಕ್ಕೆ ಇಳಿದಂತೆ ಕಾಣುತ್ತದೆ. ಫೋರ್‌ಶಾರ್ಟನಿಂಗ್, ಅಂದರೆ ನಮ್ಮತ್ತ ಚಾಚಿದ ಅಂಗ ಗಿಡ್ಡವಾಗಿ ಕಾಣುವುದರ ಬಗ್ಗೆ ಎಷ್ಟು ಓದಿದರೂ ತಲೆಗೆ ಹತ್ತದ್ದು ಇಲ್ಲಿ ಕಣ್ಣೆದುರೇ ಇರುತ್ತದೆ. ಹೊಸಬರು ಇಲ್ಲಿ ಸೋಲುವುದು ಕೈಯ ಉದ್ದ ತಮಗೆ ಗೊತ್ತು ಎಂಬ ಕಾರಣಕ್ಕೆ. ಗೊತ್ತಿರುವ ಉದ್ದವನ್ನು ಬಿಡಿಸುತ್ತಾರೆ, ಕಾಣುವ ಉದ್ದವನ್ನು ಬಿಡಿಸುವುದಿಲ್ಲ. ಪೆನ್ಸಿಲನ್ನು ತೋಳು ಚಾಚಿ ಹಿಡಿದು, ಒಂದು ಕಣ್ಣು ಮುಚ್ಚಿ, ಮುಂಗೈ ತಲೆಯ ಎಷ್ಟು ಪಾಲು ಎಂದು ಅಳೆಯಿರಿ. ಅಳತೆ ನಂಬಿ, ನೆನಪನ್ನು ನಂಬಬೇಡಿ.

ದೂರವನ್ನೂ ಗಮನಿಸಬೇಕು. 12 ಇಂಚಿನ ಗೊಂಬೆ ಮನುಷ್ಯನ ಸುಮಾರು ಆರನೇ ಒಂದು ಭಾಗ. ಒಂದಡಿ ದೂರದಿಂದ ನೋಡುವುದು ಮನುಷ್ಯನನ್ನು ಆರಡಿ ದೂರದಿಂದ ನೋಡಿದಂತೆ: ಹತ್ತಿರದ ಕೈ ವಿಪರೀತ ದೊಡ್ಡದು, ಪಾದ ವಿಪರೀತ ಚಿಕ್ಕದು. ಎರಡರಿಂದ ಎರಡೂವರೆ ಅಡಿ ದೂರ ಸರಿಯಾದದ್ದು.

ಬೆಳಕು

ಕಿಟಕಿ ಮುಚ್ಚಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಒಂದೇ ಟೇಬಲ್ ಲ್ಯಾಂಪ್ ಹಚ್ಚಿ. ದೀಪ ಗೊಂಬೆಯಿಂದ ಸುಮಾರು ಎರಡಡಿ ದೂರದಲ್ಲಿ, 45 ಡಿಗ್ರಿ ಮೇಲೆ, 45 ಡಿಗ್ರಿ ಪಕ್ಕದಲ್ಲಿರಲಿ. ಕಣ್ಣು ಕಿರಿದು ಮಾಡಿ ನೋಡಿ, ಬೆಳಕು ಮತ್ತು ನೆರಳು ಎಂಬ ಎರಡೇ ಭಾಗ ಮಾಡಿ, ನೆರಳಿಗೆಲ್ಲ ಒಂದೇ ಮಟ್ಟದ ಬೂದು ತುಂಬಿ. ಮೊದಲ ಕೆಲವು ವಾರ ಇಷ್ಟೇ ಸಾಕು. ನುಣ್ಣಗೆ ಉಜ್ಜುವ ಆಸೆ ಬೇಡ. ನೆರಳಿನ ಗಡಿ ಸರಿಯಾದ ಜಾಗದಲ್ಲಿದ್ದರೆ ಒರಟು ಗೀಟುಗಳಲ್ಲೂ ದುಂಡುತನ ಬರುತ್ತದೆ. ಗಡಿ ತಪ್ಪಿದರೆ ಎಷ್ಟು ಉಜ್ಜಿದರೂ ಬರುವುದಿಲ್ಲ.

ಬಟ್ಟೆಯ ಮಡಿಕೆ ಕಲಿಯಲು ಗೊಂಬೆಗೆ ಕರವಸ್ತ್ರ ಸುತ್ತುವವರಿದ್ದಾರೆ. ಗೊಂಬೆ ಕುಗ್ಗಿದೆ, ಬಟ್ಟೆ ಕುಗ್ಗಿಲ್ಲ, ಹಾಗಾಗಿ ಸಾಮಾನ್ಯ ಹತ್ತಿ ಬಟ್ಟೆ ದಪ್ಪ ಕಂಬಳಿಯ ಮಡಿಕೆ ಕೊಡುತ್ತದೆ. ತೆಳು ಮಲ್ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಸುತ್ತಿದರೆ ಸ್ವಲ್ಪ ಹತ್ತಿರ ಬರುತ್ತದೆ. ಕೆಲಸ ಮುಗಿದ ಕೂಡಲೇ ಬಿಚ್ಚಿ ಗೊಂಬೆಯನ್ನು ಒಣಗಿಸಿ.

ಭಂಗಿ ಕಲಿಯಲು ಏನು ಮಾಡಬೇಕು

ಭಂಗಿಗೆ ನಿಜವಾದ ಮೈ ಬೇಕು. ಮಾಡೆಲ್ ಸಿಗದಿದ್ದರೆ ಸಮಯ ಕಟ್ಟಿ ತೋರಿಸುವ ಫೋಟೊಗಳಿಂದ ಕಲಿಯಬಹುದು. ಲೈನ್ ಆಫ್ ಆಕ್ಷನ್ ಎಂಬ ಜಾಲತಾಣದಲ್ಲಿ ಇದನ್ನು ಉಚಿತವಾಗಿ ಮಾಡಬಹುದು, ಬಟ್ಟೆ ತೊಟ್ಟ ಮಾಡೆಲ್‌ಗಳನ್ನಷ್ಟೇ ಆರಿಸುವ ಅವಕಾಶವೂ ಇದೆ. ಅರ್ಧ ಗಂಟೆಯನ್ನು ಹೀಗೆ ಹಂಚಿ: 30 ಸೆಕೆಂಡಿನ ಹತ್ತು, 1 ನಿಮಿಷದ ಐದು, 5 ನಿಮಿಷದ ಎರಡು, 10 ನಿಮಿಷದ ಒಂದು.

30 ಸೆಕೆಂಡಿನಲ್ಲಿ ಬಿಡಿಸಬೇಕಾದ್ದು ಬಹಳ ಕಡಿಮೆ. ತಲೆಯಿಂದ ಬೆನ್ನುಹುರಿಯ ಗುಂಟ ಭಾರ ಹೊತ್ತ ಪಾದದವರೆಗೆ ಒಂದೇ ಗೆರೆ. ಹೆಗಲಿನ ಓರೆಗೊಂದು, ಸೊಂಟದ ಓರೆಗೊಂದು. ಸಮಯ ಉಳಿದರೆ ಕೈಕಾಲಿಗೆ ಒಂದೊಂದು. ಮುಖ, ಬೆರಳು, ಹೊರಗೆರೆ ಯಾವುದೂ ಬೇಡ. ಮೊದಮೊದಲು ಹತ್ತರಲ್ಲಿ ಎಂಟು ಅರ್ಧಕ್ಕೇ ನಿಲ್ಲುತ್ತವೆ, ನಿಲ್ಲಲಿ. ತಲೆಯಿಂದ ಶುರುಮಾಡಿ ಹೊರಗೆರೆ ಹಿಡಿದು ಇಳಿಯುವ ಅಭ್ಯಾಸ ತಪ್ಪಿಸಲೆಂದೇ ಈ ಅವಸರ. ಆ ಅಭ್ಯಾಸದಿಂದಲೇ ತಲೆ ದೊಡ್ಡದಾಗಿ, ಪಾದಕ್ಕೆ ಕಾಗದ ಸಾಲದೆ ಬರುತ್ತದೆ. ಉಡುಪಿ ಬಳಿಯ ಕಟ್ಟಿಂಗೇರಿಯಿಂದ ಹೊರಟು ದೇಶದ ದೊಡ್ಡ ಕಲಾವಿದರಾದ ಕೆ.ಕೆ. ಹೆಬ್ಬಾರರ ನೃತ್ಯದ ರೇಖಾಚಿತ್ರಗಳನ್ನು ಹುಡುಕಿ ನೋಡಿ. ಕೆಲವೇ ಗೆರೆಗಳಲ್ಲಿ ಮೈಯ ಭಾರ, ತಿರುವು, ಲಯ ಎಲ್ಲ ಇರುತ್ತವೆ. ಅವರು ಕಥಕ್ ನೃತ್ಯವನ್ನೇ ಕಲಿತವರು. ಗೆರೆಗೆ ಬೇಕಾದ ತಿಳಿವು ಮೈಯಿಂದಲೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಕಲಿಯುವವರೂ ಫೋಟೊದ ಭಂಗಿಯಲ್ಲಿ ತಾವೇ ಒಮ್ಮೆ ನಿಂತು ನೋಡಲಿ, ಯಾವ ಕಾಲು ನೋಯುತ್ತದೋ ಭಾರ ಅಲ್ಲಿದೆ.

ಗೊಂಬೆ ಕೈಗೆ ಬರಬೇಕಾದದ್ದು 5 ಮತ್ತು 10 ನಿಮಿಷದ ಚಿತ್ರಗಳಲ್ಲಿ. ಮೊದಲು ಫೋಟೊ ನೋಡಿ ಗೆರೆಗಳಲ್ಲಿ ಭಂಗಿ ಹಿಡಿಯಿರಿ. ಪಕ್ಕೆಲುಬಿನ ಗೂಡಿನ ಯಾವ ಬದಿ ಕಾಣುತ್ತಿದೆ, ಸೊಂಟ ಮೇಲಿನಿಂದ ಕಾಣುತ್ತಿದೆಯೋ ಕೆಳಗಿನಿಂದಲೋ ಎಂಬ ಅನುಮಾನ ಬಂದಾಗ ಗೊಂಬೆಯನ್ನು ಸರಳಿನಿಂದ ಬಿಡಿಸಿ ಕೈಯಲ್ಲಿ ಹಿಡಿಯಿರಿ. ಎದೆ ಮತ್ತು ಸೊಂಟದ ದಿಮ್ಮಿಗಳನ್ನು ಮಾತ್ರ ಫೋಟೊದಂತೆ ತಿರುಗಿಸಿ, ನಡುಗೆರೆಗಳು ಎತ್ತ ಬಾಗಿವೆ ನೋಡಿ, ನಿಮ್ಮ ಗೆರೆಗಳ ಮೇಲೆ ಎರಡು ಪೆಟ್ಟಿಗೆ ಕಟ್ಟಿ. ಕೈಕಾಲಿಗೆ ಮತ್ತೆ ಫೋಟೊಗೇ ಹೋಗಿ. ಗೊಂಬೆ ಅನುಮಾನ ಬಗೆಹರಿಸುವ ಸಾಧನವಾದಾಗ ಸೆಟೆದ ಚಿತ್ರಗಳು ಬರುವುದು ನಿಲ್ಲುತ್ತದೆ.

ಅಳತೆ ಪರೀಕ್ಷಿಸಲು ನಾಲ್ಕು ಗುರುತು ಸಾಕು: ಎಂಟು ತಲೆ ಎತ್ತರದ ಆಕೃತಿಯಲ್ಲಿ ತೊಡೆಸಂದು ಸರಿ ಅರ್ಧ, ಇಳಿಬಿಟ್ಟ ಕೈಯ ಮೊಣಕೈ ಸೊಂಟದ ಮಟ್ಟ, ಮಣಿಕಟ್ಟು ತೊಡೆಸಂದಿನ ಮಟ್ಟ, ಬೆರಳ ತುದಿ ತೊಡೆಯ ನಡು. ನಿಜವಾದ ಜನ ಹೆಚ್ಚಾಗಿ ಏಳೂವರೆ ತಲೆಯ ಆಸುಪಾಸು. ಶಿಲ್ಪಶಾಸ್ತ್ರದ ನವತಾಲವನ್ನು ಇದರೊಂದಿಗೆ ಬೆರೆಸಬೇಡಿ. ಅಲ್ಲಿ ಒಂದು ತಾಲ ಎಂದರೆ ಮುಖದ ಉದ್ದ, 12 ಅಂಗುಲ. ಇಡೀ ಮೂರ್ತಿ ಒಂಬತ್ತು ತಾಲ, ಅಂದರೆ 108 ಅಂಗುಲ. ಅಳತೆಯ ಮೂಲವೇ ಬೇರೆ.

ಕಾಗದ ಅಗ್ಗದ್ದಿರಲಿ. ನ್ಯೂಸ್‌ಪ್ರಿಂಟ್ ಅಥವಾ ಒಂದು ಬದಿ ಖಾಲಿ ಇರುವ ಎ3 ಹಾಳೆ, 6ಬಿ ಪೆನ್ಸಿಲ್ ಇಲ್ಲವೇ ಚಾರ್ಕೋಲ್ ಪೆನ್ಸಿಲ್. ದುಬಾರಿ ಸ್ಕೆಚ್‌ಬುಕ್ ಹಾಳಾದೀತೆಂಬ ಭಯದಲ್ಲಿ ಕೈ ಬಿಗಿಯುತ್ತದೆ. ಹಲಗೆಯನ್ನು ಓರೆಯಾಗಿ ನಿಲ್ಲಿಸಿಕೊಳ್ಳಿ. ಮಟ್ಟಸ ಮೇಜಿನ ಮೇಲೆ ಹಾಳೆಯ ಮೇಲ್ತುದಿ ಕಣ್ಣಿಗೆ ದೂರವಾಗಿ ಕುಗ್ಗಿ ಕಾಣುವುದರಿಂದ, ಅಲ್ಲಿನ ತಲೆ ಹೆಗಲು ಗೊತ್ತಿಲ್ಲದೆ ಉದ್ದವಾಗುತ್ತವೆ.

ಬಾಳಿಕೆ

ಮೊದಲು ಸಡಿಲವಾಗುವುದು ಹೆಗಲು ಮತ್ತು ತೊಡೆಯ ಕೀಲು. ಹಸ್ತ ಹಿಡಿದು ಇಡೀ ಕೈ ಎಳೆದರೆ ಒಳಗಿನ ಹಿಡಿತ ಬೇಗ ಹೋಗುತ್ತದೆ. ಯಾವಾಗಲೂ ಕೀಲಿನ ಎರಡೂ ಬದಿ ಹಿಡಿದು ಬಗ್ಗಿಸಿ. ಜೋತುಬೀಳುವ ಕೀಲಿಗೆ ಸ್ಕ್ರೂ ಕಾಣುತ್ತಿದ್ದರೆ ಕಾಲು ಸುತ್ತು ಬಿಗಿಮಾಡಿ, ಇಲ್ಲದಿದ್ದರೆ ಸಂದಿಗೆ ಬಲೂನಿನ ತೆಳು ರಬ್ಬರ್ ಚೂರು ತೂರಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಮರ ಉಬ್ಬಿ ಕೀಲು ಬಿಗಿಯಾಗುತ್ತದೆ, ಬೇಸಿಗೆಯಲ್ಲಿ ಸಡಿಲವಾಗುತ್ತದೆ. ಬಿಗಿಯಾದದ್ದಕ್ಕೆ ಮೇಣದಬತ್ತಿ ಉಜ್ಜಿ. ಎಣ್ಣೆ ಹಾಕಬೇಡಿ, ಮರ ಅದನ್ನು ಹೀರಿ ಜಾರತೊಡಗುತ್ತದೆ.

ಅಂಗಡಿಯಲ್ಲೇ ಪರೀಕ್ಷಿಸಿ: ಕೈಯನ್ನು ನೆಲಕ್ಕೆ ಸಮಾನಾಂತರವಾಗಿ ಎತ್ತಿ ಬಿಡಿ, ಕಾಲನ್ನು ಮುಂದಕ್ಕೆ 90 ಡಿಗ್ರಿ ಎತ್ತಿ ಬಿಡಿ, ತಲೆ ಹಿಂದಕ್ಕೆ ವಾಲಿಸಿ. ಮೂರೂ ನಿಂತಲ್ಲೇ ನಿಲ್ಲಬೇಕು. ಸೊಂಟದಿಂದ ಸರಳು ಸುಲಭವಾಗಿ ಕಳಚಬೇಕು. 8 ಇಂಚಿನದರಲ್ಲಿ ಬಳೆಗೆರೆ ಹಾಕಲು ಜಾಗವಿಲ್ಲ. ಅದರ ಪಕ್ಕದಲ್ಲೇ ಮಾರುವ ಮರದ ಹಸ್ತವನ್ನು ಕೊಳ್ಳಬೇಡಿ, ಹೆಬ್ಬೆರಳು ಉಳಿದ ಬೆರಳುಗಳ ಎದುರಿಗೆ ಸರಿಯಾಗಿ ಬರುವುದಿಲ್ಲ. ನಿಮ್ಮ ಎಡಗೈ ಮತ್ತು ಒಂದು ಕನ್ನಡಿ ಅದಕ್ಕಿಂತ ಎಷ್ಟೋ ಮೇಲು. ಇನ್ನೂ 30 ಸೆಕೆಂಡಿನ ಗೆರೆಗಳನ್ನೇ ಶುರುಮಾಡದವರು ಗೊಂಬೆಯ ದುಡ್ಡನ್ನು ಸದ್ಯಕ್ಕೆ ಕಾಗದಕ್ಕೆ ಹಾಕಲಿ. ಭಂಗಿ ಬಂದು, ಮೈ ಮಾತ್ರ ಚಪ್ಪಟೆಯಾಗಿ ಕಾಣುತ್ತಿದೆ ಅನ್ನಿಸತೊಡಗಿದಾಗ ಗೊಂಬೆ ಕೊಳ್ಳಬಹುದು.