ಟೂರ್ನಮೆಂಟ್ ಲೈವ್ ಹಾಕುವವರೇ, ಡಿಲೇ ಹತ್ತಿದೆಯಾ ಅಂತ ಗಡಿಯಾರ ಇಟ್ಟು ನೋಡಿ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಈಗ ಹುಡುಗರು ತಾವೇ ಸೇರಿ ಬಿಜಿಎಂಐ (ಮೊಬೈಲಿನಲ್ಲಿ ಟೀಮ್ ಕಟ್ಟಿ ಗುಂಡು ಹೊಡೆದಾಡುವ ಆಟ) ಟೂರ್ನಮೆಂಟ್ ಮಾಡುತ್ತಾರೆ, ಯೂಟ್ಯೂಬಲ್ಲಿ ಲೈವ್ ಕೂಡ ಹಾಕುತ್ತಾರೆ. ನಾವೂ ಮಾಡಿದೆವು. ದೀಪಾವಳಿ ರಜೆಯಲ್ಲಿ ಎರಡು ದಿನ, ವಿದ್ಯಾನಗರದ ನನ್ನ ಬಾಡಿಗೆ ರೂಮಿನಿಂದ. 16 ಟೀಮು, 64 ಹುಡುಗರು, ಎಲ್ಲರೂ ಅವರವರ ಮನೆಯಿಂದಲೇ ಆಡುವುದು. ಎಂಟ್ರಿ ಫೀ ಇರಲಿಲ್ಲ, ಬಹುಮಾನದ ದುಡ್ಡು ಗೆಳೆಯನ ಮೊಬೈಲ್ ಅಂಗಡಿಯಿಂದ ಬಂದಿತ್ತು. ಡಿಲೇ, ಅಂದರೆ ಲೈವ್ ಬೇಕಂತಲೇ ತಡವಾಗಿ ಹೋಗುವ ಹಾಗೆ ಮಾಡುವುದು, ಅದನ್ನು ಸರಿಯಾಗಿ ಹಾಕದ್ದಕ್ಕೆ ಗದಗಿನ ನಾಲ್ಕು ಹುಡುಗರಿಗೆ ಮೋಸಗಾರರು ಅನ್ನುವ ಹೆಸರು ಬಂತು. ಅವರು ಮೋಸ ಮಾಡಿದರೋ ಇಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ದಾರಿಯನ್ನೇ ನಾವು ಉಳಿಸಿರಲಿಲ್ಲ.

ಹೊಸಬರಿಗೆ ಒಂದು ಮಾತು. ಕಸ್ಟಮ್ ರೂಮಿನಲ್ಲಿ (ಆಟದೊಳಗೆ ನಾವೇ ತೆರೆಯುವ ಖಾಸಗಿ ಮ್ಯಾಚ್) ಅಬ್ಸರ್ವರ್ ಆಗಿ, ಅಂದರೆ ಆಡದೆ ನೋಡುವವನಾಗಿ ಕೂತವನಿಗೆ ಎಲ್ಲ ಟೀಮೂ ಕಾಣುತ್ತವೆ. ಯಾರು ಯಾವ ಮನೆಯೊಳಗೆ ಕೂತಿದ್ದಾರೆ, ಯಾರು ಹುಲ್ಲಿನಲ್ಲಿ ಮಲಗಿದ್ದಾರೆ, ಎಲ್ಲವೂ. ನಾವು ಲೈವ್ ಹಾಕುವುದು ಅದೇ ಪರದೆಯನ್ನು. ಆಡುವವನು ಪಕ್ಕದಲ್ಲಿ ಇನ್ನೊಂದು ಫೋನ್ ಇಟ್ಟುಕೊಂಡು ನಮ್ಮ ಲೈವ್ ತೆರೆದರೆ ಸಾಕು, ಎದುರಾಳಿ ಎಲ್ಲಿದ್ದಾನೆ ಅಂತ ನಾವೇ ಕೈ ಮಾಡಿ ತೋರಿಸಿದ ಹಾಗೆ. ಇದನ್ನೇ ಸ್ಟ್ರೀಮ್ ಸ್ನೈಪಿಂಗ್ ಅನ್ನುತ್ತಾರೆ. ಲೈವ್ ಮೂರು ನಾಲ್ಕು ನಿಮಿಷ ತಡವಾಗಿ ಹೋದರೆ, ಅವನು ನೋಡುವ ಹೊತ್ತಿಗೆ ಎದುರಾಳಿ ಜಾಗ ಬದಲಿಸಿರುತ್ತಾನೆ. ಡಿಲೇ ಹಾಕುವುದು ಅದಕ್ಕೆ.

ಇದು ನಮಗೆ ಮೊದಲೇ ಗೊತ್ತಿತ್ತು. ಹಾಕಿದ್ದೇವೆ ಅಂತ ಗಟ್ಟಿಯಾಗಿ ನಂಬಿಯೂ ಇದ್ದೆವು. ಪೆಟ್ಟು ಬಿದ್ದದ್ದು ಅಲ್ಲೇ.

ಅಬ್ಸರ್ವರ್ ಫೋನಿನ ಪರದೆ ಕ್ಯಾಪ್ಚರ್ ಕಾರ್ಡ್ (ಫೋನಿನ ಚಿತ್ರವನ್ನು ಲ್ಯಾಪ್‌ಟಾಪಿಗೆ ತರುವ ಸಾಧನ) ಮೂಲಕ ಲ್ಯಾಪ್‌ಟಾಪಿನ ಒಬಿಎಸ್‌ಗೆ, ಅಂದರೆ ಲೈವ್ ಕಳಿಸುವ ಸಾಫ್ಟ್‌ವೇರಿಗೆ, ಬರುತ್ತಿತ್ತು. ಒಬಿಎಸ್‌ನಲ್ಲಿ ಆ ಸೋರ್ಸ್ (ಒಳಗೆ ಬರುವ ಚಿತ್ರ) ಮೇಲೆ ರೈಟ್ ಕ್ಲಿಕ್ ಮಾಡಿ ಫಿಲ್ಟರ್ಸ್ ತೆರೆದೆ. ಅಲ್ಲಿ 'ರೆಂಡರ್ ಡಿಲೇ' ಅಂತ ಒಂದು ಸಿಕ್ಕಿತು. ಹೆಸರಲ್ಲೇ ಡಿಲೇ ಇದೆ, ಇದೇ ಇರಬೇಕು ಅಂದುಕೊಂಡೆ. ಡಬ್ಬಿಯಲ್ಲಿ ಅಂಕಿ ಏರಿಸುತ್ತ ಹೋದೆ, 500ಕ್ಕೆ ನಿಂತಿತು. 500 ಸೆಕೆಂಡ್ ಅಂದರೆ ಎಂಟು ನಿಮಿಷದ ಮೇಲೆ, ಬೇಕಾದಷ್ಟಾಯಿತು ಅಂತ ಮುಚ್ಚಿದೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಎಂಎಸ್ ಅಂತ ಇತ್ತು. ಮಿಲಿಸೆಕೆಂಡ್. ಅಂದರೆ ಒಟ್ಟು ಅರ್ಧ ಸೆಕೆಂಡ್. ಆ ಫಿಲ್ಟರ್ ಇರುವುದು ಧ್ವನಿ ಮತ್ತು ಚಿತ್ರ ಹಿಂದೆಮುಂದಾದರೆ ಜೋಡಿಸಲು. ಟೂರ್ನಮೆಂಟಿಗೂ ಅದಕ್ಕೂ ಸಂಬಂಧವೇ ಇಲ್ಲ.

ಇದರ ಮೇಲೆ ಇನ್ನೊಂದು ತಪ್ಪು. ಚಾಟ್‌ನಲ್ಲಿ ಕೇಳಿದ್ದಕ್ಕೆ ಬೇಗ ಉತ್ತರ ಕೊಡಬೇಕು ಅಂತ ಯೂಟ್ಯೂಬಿನಲ್ಲಿ ಅಲ್ಟ್ರಾ ಲೋ ಲೇಟೆನ್ಸಿ ಆರಿಸಿದ್ದೆ. ಅದನ್ನು ಹಾಕಿದರೆ ನಮ್ಮ ಪರದೆಗೂ ನೋಡುವವರ ಪರದೆಗೂ ಸಾಮಾನ್ಯವಾಗಿ 5 ಸೆಕೆಂಡಿಗಿಂತ ಕಡಿಮೆ ಅಂತರ. ಆಟ ನಡೆಯುತ್ತಿದ್ದ ಹಾಗೇ ಊರಿಗೆಲ್ಲ ಕಾಣುತ್ತಿತ್ತು.

ಮೊದಲ ದಿನದ ಮೂರನೇ ಮ್ಯಾಚ್, ಎರಾಂಗೆಲ್ ಮ್ಯಾಪ್. ಸರ್ಕಲ್ (ಆಟ ಮುಂದುವರಿದ ಹಾಗೆ ಕುಗ್ಗುವ, ಬದುಕುಳಿಯಲು ಒಳಗಿರಬೇಕಾದ ಜಾಗ) ಸಣ್ಣದಾಗಿತ್ತು, ಮೂರೇ ಟೀಮ್ ಉಳಿದಿದ್ದವು. ರಾಣೇಬೆನ್ನೂರಿನ ನಾಲ್ವರು ದಿಬ್ಬದ ಹಿಂದೆ ಹುಲ್ಲಿನಲ್ಲಿ ಮಲಗಿದ್ದರು. ಅಲುಗಾಟವಿಲ್ಲ, ಒಂದು ಗುಂಡಿಲ್ಲ. ದಿಬ್ಬದ ಈಚೆ ಗದಗಿನ ಟೀಮು. ಅವರ ಕಣ್ಣಿಗೆ ಇವರು ಬೀಳುವ ಹಾಗೇ ಇರಲಿಲ್ಲ. ಆದರೂ ದಿಬ್ಬದ ಮೇಲಿಂದ ಒಂದರ ಹಿಂದೆ ಒಂದು ಮೂರು ಗ್ರೆನೇಡ್ ಬಂದವು. ಮೂರನೆಯದು ಸರಿಯಾಗಿ ನಡುವೆ ಬಿತ್ತು. ಮೂವರು ಒಟ್ಟಿಗೆ ನಾಕ್, ಅಂದರೆ ಪೆಟ್ಟು ತಿಂದು ನೆಲಕ್ಕೆ. ಕಾಮೆಂಟರಿ ಹೇಳುತ್ತಿದ್ದ ನಮ್ಮ ಹುಡುಗ "ಎಂಥಾ ಥ್ರೋ!" ಅಂತ ಕೂಗಿದ. ನನಗೆ ಮಾತ್ರ ಹೊಟ್ಟೆಯಲ್ಲಿ ಕಸಿವಿಸಿ.

ಐದು ನಿಮಿಷಕ್ಕೆ ರಾಣೇಬೆನ್ನೂರಿನ ಕ್ಯಾಪ್ಟನ್ ಫೋನ್. "ಅಣ್ಣಾ, ನಾವು ಒಂದ್ ಗುಂಡ್ ಸುದ್ದಾ ಹೊಡದಿಲ್ಲ. ಹುಲ್ಲಾಗ ಸುಮ್ನ ಮಕ್ಕೊಂಡಿದ್ವಿ. ಅವರಿಗೆ ಹೆಂಗ್ ಗೊತ್ತಾತು? ನಿಮ್ಮ ಲೈವ್ ನೋಡ್ಯಾರ." ಗದಗಿನವನನ್ನು ಕೇಳಿದೆ. ಅವನು ಅಳುವ ದನಿಯಲ್ಲಿ ಹೇಳಿದ: "ನಮ್ಮವ್ವನ ಆಣಿ ಅಣ್ಣಾ, ನೋಡಿಲ್ಲ. ಸರ್ಕಲ್ ಅಂಚಿನ್ಯಾಗ ಅದೊಂದ ಅಡಗೋ ಜಾಗಾ. ಅಂದಾಜಿಗೆ ಒಗದ್ವಿ."

ಎರಡರಲ್ಲಿ ಯಾವ ಮಾತು ಬೇಕಾದರೂ ನಿಜ ಇರಬಹುದು. ಆಡಿ ಪಳಗಿದವರು ಅಂದಾಜಿನ ಮೇಲೆ ಗ್ರೆನೇಡ್ ಒಗೆಯುವುದು ದಿನಾ ನೋಡುತ್ತೇವೆ. ಲೈವ್ ಮೂರು ನಿಮಿಷ ಹಿಂದಿದ್ದರೆ ನಾನು ಅಲ್ಲೇ ಹೇಳಿಬಿಡುತ್ತಿದ್ದೆ, "ನೋಡಿದ್ದರೂ ಉಪಯೋಗ ಇರಲಿಲ್ಲ, ಅದು ಅವರ ಆಟ" ಅಂತ. ಆಗ ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಸಂಜೆಯವರೆಗೂ ಬೈಗುಳ. ರಾತ್ರಿ ಗದಗಿನ ನಾಲ್ವರೂ ಗ್ರೂಪ್ ಬಿಟ್ಟರು, ಮಾರನೇ ದಿನ ಆಡಲು ಬರಲಿಲ್ಲ.

ಆ ರಾತ್ರಿ ಮಾಡಿದ ಪರೀಕ್ಷೆಯನ್ನು ಮೊದಲೇ ಮಾಡಬೇಕಿತ್ತು. ಗೋಡೆ ಗಡಿಯಾರ ಇಳಿಸಿ ವೆಬ್‌ಕ್ಯಾಮ್ ಮುಂದೆ ಇಟ್ಟೆ. ಅನ್‌ಲಿಸ್ಟೆಡ್ ಲೈವ್ (ಲಿಂಕ್ ಇದ್ದವರಿಗಷ್ಟೇ ಕಾಣುವುದು) ಶುರು ಮಾಡಿದೆ. ಇನ್ನೊಂದು ಫೋನಿನಲ್ಲಿ ವೈಫೈ ತೆಗೆದು, ಮೊಬೈಲ್ ಡೇಟಾದಲ್ಲಿ ಅದೇ ಲೈವ್ ತೆರೆದೆ. ಗಡಿಯಾರದ ಮುಳ್ಳು 10ನೇ ಸೆಕೆಂಡಿನಲ್ಲಿದ್ದಾಗ ಫೋನಿನಲ್ಲಿ 6ನೇ ಸೆಕೆಂಡಿನಲ್ಲಿ. ನಾಲ್ಕೇ ಸೆಕೆಂಡ್.

ಸರಿಯಾದ ಜಾಗ ಬೇರೆ ಇದೆ. ಒಬಿಎಸ್ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್, ಅದರಲ್ಲಿ ಸ್ಟ್ರೀಮ್ ಡಿಲೇ. ಎನೇಬಲ್ ಟಿಕ್ ಮಾಡಿ ಸೆಕೆಂಡ್ ಹಾಕಬೇಕು. ನಾನು 180 ಹಾಕಿದೆ. ಇಲ್ಲಿ ಹಾಕಿದರೆ ಆಟ, ಸ್ಕೋರ್ ಪಟ್ಟಿ, ಕಾಮೆಂಟರಿ ಎಲ್ಲವೂ ಒಟ್ಟಿಗೇ ತಡವಾಗುತ್ತವೆ. ಒಂದೊಂದು ಸೋರ್ಸಿಗೆ ಬೇರೆ ಬೇರೆ ಹಾಕಲು ಹೋದರೆ ಸ್ಕೋರ್ ಪಟ್ಟಿಯೇ ಮುಂಚೆ ಹೇಳಿಬಿಡುತ್ತದೆ, ಅಲ್ವಾ? ಲ್ಯಾಪ್‌ಟಾಪ್ ಭಾರ ಆಗುತ್ತದೆ ಅಂತ ಹೆದರಬೇಡಿ. ಡಿಲೇ ಮಾಡಿದ ಭಾಗ ಮೆಮೊರಿಯಲ್ಲಿ ಕೂರುತ್ತದೆ. 4500 ಕೆಬಿಪಿಎಸ್ ಬಿಟ್‌ರೇಟಿಗೆ (ಸೆಕೆಂಡಿಗೆ ಕಳಿಸುವ ಡೇಟಾ) 180 ಸೆಕೆಂಡ್ ಅಂದರೆ ಸುಮಾರು 100 ಎಂಬಿ, ಅಷ್ಟೇ. ಆದರೆ ಲೈವ್ ಶುರುವಾದ ಮೇಲೆ ನೆನಪಾಗಿ ಹಾಕಿದರೆ ಹತ್ತುವುದಿಲ್ಲ. ಲೈವ್ ನಿಲ್ಲಿಸಿ ಮತ್ತೆ ಶುರು ಮಾಡಬೇಕು. ನೆಟ್ ಹೋಗಿ ಬಂದಾಗ ಬಿಟ್ಟಲ್ಲಿಂದಲೇ ಮುಂದುವರಿಯಬೇಕು ಅಂದರೆ ಅಲ್ಲೇ ಕೆಳಗಿರುವ 'ಪ್ರಿಸರ್ವ್ ಕಟ್‌ಆಫ್ ಪಾಯಿಂಟ್' ಟಿಕ್ ಮಾಡಿ. ನೆಟ್ ಇಲ್ಲದ ಹೊತ್ತಿನಷ್ಟು ಡಿಲೇ ಇನ್ನೂ ಜಾಸ್ತಿ ಆಗುತ್ತದೆ, ಅದರಿಂದ ತೊಂದರೆ ಇಲ್ಲ. ಯೂಟ್ಯೂಬಿನ ಲೈವ್ ಕಂಟ್ರೋಲ್ ರೂಮಿನಲ್ಲೂ 30 ಅಥವಾ 60 ಸೆಕೆಂಡ್ ಡಿಲೇ ಇದೆ. ಕೊನೆಯ ಸರ್ಕಲ್‌ನಲ್ಲಿ ಒಂದೇ ಜಾಗದಲ್ಲಿ ಎರಡು ನಿಮಿಷ ಮಲಗುವ ಟೀಮಿಗೆ ಅದು ಸಾಲದು.

ಎರಡನೇ ದಿನ ಹಳೆಯ ಮ್ಯಾಚ್ ಎಲ್ಲ ರದ್ದು ಮಾಡಿ, 15 ಟೀಮ್ ಇಟ್ಟುಕೊಂಡು ಮೊದಲಿಂದ ಆಡಿಸಿದೆವು. ಲೈವ್ ಸರಿಯಾಗಿ 3 ನಿಮಿಷದ ಮೇಲೆ ತಡವಾಗಿ ಹೋಗುತ್ತಿತ್ತು. ಆದರೂ ಎರಡನೇ ಮ್ಯಾಚಿನಲ್ಲಿ ಸೋರಿತು. ನಮ್ಮ ಹುಡುಗನೊಬ್ಬ ರೂಮಿನಲ್ಲೇ ಕೂತು, ಪರದೆ ನೋಡುತ್ತ, "ಧಾರವಾಡದವರು ಔಟ್, ಶಾಲೆ ಹಿಂದೆ ಹೊಡೆದರು" ಅಂತ ಗ್ರೂಪಿಗೆ ಹಾಕುತ್ತಿದ್ದ. ಎಲ್ಲ ಕ್ಯಾಪ್ಟನ್‌ಗಳೂ ಅದೇ ಗ್ರೂಪಿನಲ್ಲಿ! ಅವನ ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ, ಹುರುಪು. ಆಗಿನಿಂದ ರೂಮಿನೊಳಗೆ ಅಬ್ಸರ್ವರ್ ಫೋನ್ ಮತ್ತು ನನ್ನ ಫೋನ್ ಬಿಟ್ಟು ಉಳಿದವೆಲ್ಲ ಚೀಲದಲ್ಲಿ. ಡಿಲೇ ಲೈವ್‌ಗೆ ಮಾತ್ರ ಹತ್ತುತ್ತದೆ, ಒಳಗೆ ಕೂತವರ ಬಾಯಿಗೂ ಬೆರಳಿಗೂ ಹತ್ತುವುದಿಲ್ಲ. ನೀವು ಹಾಲ್‌ನಲ್ಲಿ ಆಡಿಸುವವರಾದರೆ ದೊಡ್ಡ ಟಿವಿಗೆ ಒಬಿಎಸ್ ಪರದೆ ನೇರವಾಗಿ ಕೊಡಲೇಬೇಡಿ. ಹಿಂದೆ ಕೂತವರು ಕೂಗಿ ಹೇಳುತ್ತಾರೆ.

ಕೊನೆಯ ಪೆಟ್ಟು ಫೈನಲ್‌ನಲ್ಲಿ. ಸವಣೂರಿನ ಟೀಮ್ ಗೆದ್ದಿತು. ರೂಮಿನಲ್ಲಿ ಎಲ್ಲರೂ ಎದ್ದು ಕುಣಿದರು. ಅದೇ ಖುಷಿಯಲ್ಲಿ ನನ್ನ ಗೆಳೆಯ ಲೈವ್ ನಿಲ್ಲಿಸಿದ. ಡಿಲೇ ಇದ್ದಾಗ ನಿಲ್ಲಿಸುವ ಬಟನ್‌ನಲ್ಲಿ ಎರಡು ಆಯ್ಕೆ ಬರುತ್ತವೆ. ಒಂದು, ಉಳಿದ ಭಾಗ ಪೂರ್ತಿ ಕಳಿಸಿ ನಿಲ್ಲುವುದು. ಇನ್ನೊಂದು, ಪಕ್ಕದಲ್ಲಿ 'ಡಿಸ್ಕಾರ್ಡ್ ಡಿಲೇ' ಅಂತ ಇರುವುದು, ಉಳಿದದ್ದನ್ನು ಅಲ್ಲೇ ಬಿಸಾಡುವುದು. ಅವನು ಒತ್ತಿದ್ದು ಎರಡನೆಯದನ್ನು. ನೋಡುವವರಿಗೆ ಕೊನೆಯ ಮೂರು ನಿಮಿಷ ಹೋಗಲೇ ಇಲ್ಲ. ಸವಣೂರಿನ ಕ್ಯಾಪ್ಟನ್ ಮನೆಯಲ್ಲಿ ಅವನ ಅಪ್ಪ ಮೊದಲ ಸಲ ಮಗನ ಆಟ ನೋಡಲು ಟಿವಿ ಮುಂದೆ ಕೂತಿದ್ದರಂತೆ. ಐವರು ಉಳಿದಿರುವಾಗ ಪರದೆ ಕಪ್ಪಾಯಿತು. ರೆಕಾರ್ಡಿಂಗ್ ಕೂಡ ಇರಲಿಲ್ಲ, ಡಿಸ್ಕಿನಲ್ಲಿ ಜಾಗ ಇಲ್ಲ ಅಂತ ನಾನೇ ಬೇಡ ಅಂದಿದ್ದೆ. ದಯವಿಟ್ಟು ರೆಕಾರ್ಡಿಂಗ್ ಹಾಕಿಡಿ. ಅದಕ್ಕೆ ಡಿಲೇ ಹತ್ತುವುದಿಲ್ಲ, ಆಟದ ಕೊನೆಯವರೆಗೂ ಇರುತ್ತದೆ. ಲೈವ್ ನಿಲ್ಲಿಸಿದ ಮೇಲೆ ಕೆಳಗೆ ಎಣಿಕೆ ಮುಗಿಯುವವರೆಗೆ ಒಬಿಎಸ್ ಮುಚ್ಚಬೇಡಿ, ಲ್ಯಾಪ್‌ಟಾಪ್ ಮಡಚಬೇಡಿ.

ವಾರದ ಮೇಲೆ ಗದಗಿನ ಹುಡುಗನಿಗೆ ಫೋನ್ ಮಾಡಿದೆ. ತಪ್ಪು ನಮ್ಮದು, ಡಿಲೇ ಇರಲೇ ಇಲ್ಲ, ನಿಮ್ಮ ಮೇಲೆ ಆರೋಪ ಹೊರಿಸಲು ನಮಗೆ ಹಕ್ಕಿಲ್ಲ ಅಂತ ಹೇಳಿದೆ. ಅದನ್ನೇ ಗ್ರೂಪಿನಲ್ಲೂ ಬರೆದು ಹಾಕಿದೆ. "ಇರ್ಲಿ ಬಿಡ್ರಿ ಅಣ್ಣಾ" ಅಂದ. ಮುಂದಿನ ಟೂರ್ನಮೆಂಟಿಗೆ ಬರುತ್ತೀಯಾ ಅಂತ ಕೇಳಿದೆ. ಹುಡುಗರನ್ನು ಕೇಳಿ ಹೇಳುತ್ತೇನೆ ಅಂದ. ಇನ್ನೂ ಹೇಳಿಲ್ಲ.